ನೀರಿಗೆ ಅಡ್ಡ ನಿಂತವರು

ಹರಿಯುವ ನೀರಿಗೆ ಅಡ್ಡ ಕಟ್ಟಿ, ಆ ಒಂದು ಕೆಲಸದಿಂದಲೇ ಸುತ್ತಲಿನ ಮಣ್ಣು, ಗಿಡ, ಮೀನು, ಹಕ್ಕಿಗಳ ಬದುಕನ್ನು ಬದಲಿಸುವ ಪ್ರಾಣಿಗಳಲ್ಲಿ ಮುಖ್ಯವಾದವು ಎರಡು. ಒಂದು ಬೀವರ್, ಇನ್ನೊಂದು ಮನುಷ್ಯ. ಬೀವರ್ ಇಲಿ, ಅಳಿಲುಗಳ ಬಳಗಕ್ಕೆ ಸೇರಿದ ದಂಶಕ. ಉತ್ತರ ಅಮೆರಿಕದಲ್ಲಿ ಒಂದು ಪ್ರಭೇದ, ಯುರೋಪು ಮತ್ತು ಏಷ್ಯಾದ ತಂಪು ಸೀಮೆಗಳಲ್ಲಿ ಇನ್ನೊಂದು ಪ್ರಭೇದ ಇದೆ, ಭಾರತದಲ್ಲಿ ಇಲ್ಲ. ಆದರೆ ಅದು ಮಾಡುವ ಕೆಲಸವನ್ನು ನೋಡಲು ಕೆನಡಾದವರೆಗೆ ಹೋಗಬೇಕಿಲ್ಲ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲ್ಲೂಕುಗಳ ಊರವರು ಒಂದೂವರೆ ಸಾವಿರ ವರ್ಷಗಳಿಂದ ಕೆರೆ ಕಟ್ಟುತ್ತ, ಕಟ್ಟಿದ್ದನ್ನು ಕಾಯುತ್ತ ಅದೇ ಕೆಲಸವನ್ನು ಮಾಡಿಕೊಂಡು ಬಂದಿದ್ದಾರೆ.

ಬೀವರ್ ಒಡ್ಡು ಕಟ್ಟುವುದು ತನ್ನ ರಕ್ಷಣೆಗಾಗಿ. ನೆಲದ ಮೇಲೆ ಅದರ ನಡಿಗೆ ನಿಧಾನ. ನೀರಿನಲ್ಲಿ ಅದು ಚುರುಕು. ಹೀಗಾಗಿ ತೊರೆಗೆ ಅಡ್ಡಲಾಗಿ ಮರ, ಟೊಂಗೆ, ಕಲ್ಲು, ಕೆಸರು ಪೇರಿಸಿ ನೀರು ನಿಲ್ಲಿಸುತ್ತದೆ, ಆ ನೀರಿನ ನಡುವೆ ಗೂಡು ಕಟ್ಟುತ್ತದೆ, ಗೂಡಿನ ಬಾಗಿಲನ್ನು ನೀರಿನೊಳಗೆ ಇಡುತ್ತದೆ. ಅದರ ಬಾಚಿಹಲ್ಲುಗಳ ಹೊರಪದರದಲ್ಲಿ ಕಬ್ಬಿಣದ ಅಂಶವಿರುವುದರಿಂದ ಹಲ್ಲು ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ; ಮರ ಕಡಿಯಲು ಬೇಕಾದ ಗಟ್ಟಿತನ ಬರುವುದೂ ಅದರಿಂದಲೇ. ಸ್ವೀಡನ್ನಿನಲ್ಲಿ ಲಾರ್ಸ್ ವಿಲ್ಸನ್ ಎಂಬ ಪ್ರಾಣಿವಿಜ್ಞಾನಿ ಸಾಕಿದ ಬೀವರ್‌ಗಳಿಗೆ ಹರಿಯುವ ನೀರಿನ ಸದ್ದನ್ನು ಸ್ಪೀಕರಿನಲ್ಲಿ ಕೇಳಿಸಿದಾಗ ಅವು ಸದ್ದು ಬಂದ ಕಡೆಗೆ ಕಡ್ಡಿ ತಂದು ಪೇರಿಸತೊಡಗಿದವು. ನೀರು ಸೋರುವ ಸದ್ದು ಕೇಳಿದರೆ ಬೀವರ್‌ಗೆ ಸುಮ್ಮನಿರಲಾಗದು.

ತನಗಾಗಿ ಮಾಡಿದ ಈ ಕೆಲಸ ಬೇರೆಯವರಿಗೂ ಒದಗುತ್ತದೆ. ರಭಸದ ನೀರು ನಿಧಾನವಾಗುತ್ತದೆ, ಅದು ಹೊತ್ತು ತಂದ ಮಣ್ಣು ಒಡ್ಡಿನ ಹಿಂದೆ ಕೂರುತ್ತದೆ, ನೀರು ಪಕ್ಕಕ್ಕೆ ಹರಡಿ ನೆಲಕ್ಕೆ ಇಳಿಯುತ್ತದೆ. ನಿಂತ ನೀರಿನಲ್ಲಿ ಹುಳ, ಕಪ್ಪೆ, ಮೀನು ಬೆಳೆಯುತ್ತವೆ. ಅವನ್ನು ತಿನ್ನಲು ಹಕ್ಕಿ ಬರುತ್ತದೆ. ಬೀವರ್ ಜಾಗ ಬಿಟ್ಟುಹೋದ ಮೇಲೆ ಒಡ್ಡು ಒಡೆದು, ಹೂಳು ತುಂಬಿದ ಮಡು ಹುಲ್ಲುಗಾವಲಾಗುತ್ತದೆ. ಇಂಥ ಜೀವಿಗಳಿಗೆ ಕ್ಲೈವ್ ಜೋನ್ಸ್, ಜಾನ್ ಲಾಟನ್, ಮೊಶೆ ಶಚಕ್ ಎಂಬ ಮೂವರು ವಿಜ್ಞಾನಿಗಳು 1994ರಲ್ಲಿ ಕೊಟ್ಟ ಹೆಸರು ‘ಪರಿಸರ ವ್ಯವಸ್ಥೆಯ ಎಂಜಿನಿಯರುಗಳು’. ತಾವು ಬದುಕುವ ಜಾಗವನ್ನು ಬದಲಿಸಿ ಬೇರೆ ಜೀವಿಗಳಿಗೂ ಇರಲು ಎಡೆ ಮಾಡಿಕೊಡುವವು ಎಂಬುದು ಅದರ ಅರ್ಥ. ಹುತ್ತ ಕಟ್ಟುವ ಗೆದ್ದಲು, ಮಣ್ಣು ಮಗುಚುವ ಎರೆಹುಳು ಕೂಡ ಇದೇ ಸಾಲಿಗೆ ಸೇರುತ್ತವೆ.

ಶಿಕಾರಿಪುರ, ಸೊರಬಗಳು ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಅಂಚಿನಲ್ಲಿವೆ. ಪಶ್ಚಿಮದ ಚಂದ್ರಗುತ್ತಿಯಿಂದ ಪೂರ್ವಕ್ಕೆ ಬಂದಂತೆ ಮಳೆ ಕಡಿಮೆಯಾಗುತ್ತ, ಗುಡ್ಡಗಳು ತಗ್ಗುತ್ತ ಹೋಗುತ್ತವೆ. ಶಿಕಾರಿಪುರದ ಪಕ್ಕದಲ್ಲಿ ಕುಮುದ್ವತಿ, ಸೊರಬದ ಪಕ್ಕದಲ್ಲಿ ದಂಡಾವತಿ ಹರಿಯುತ್ತವೆ. ದಂಡಾವತಿ ವರದೆಯನ್ನು ಸೇರಿದರೆ, ವರದೆಯೂ ಕುಮುದ್ವತಿಯೂ ಮುಂದೆ ಬೇರೆ ಬೇರೆ ಕಡೆ ತುಂಗಭದ್ರೆಯನ್ನು ಸೇರುತ್ತವೆ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುತ್ತದೆ. ತಡೆಯದಿದ್ದರೆ ಅಷ್ಟೂ ನೀರು ಕೆಲವೇ ವಾರಗಳಲ್ಲಿ ಹೊಳೆ ಸೇರುತ್ತದೆ. ಎರಡು ದಿಬ್ಬಗಳ ನಡುವೆ ಇಳಿಜಾರಾಗಿ ಸಾಗುವ ತಗ್ಗುಗಳು ಇಲ್ಲಿ ಹೆಜ್ಜೆಗೊಂದು ಸಿಗುತ್ತವೆ. ಅಂಥ ತಗ್ಗಿಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿದರೆ ಕೆರೆಯಾಯಿತು. ಈ ಸೀಮೆಯಲ್ಲಿ ಕೆರೆಯಿಲ್ಲದ ಊರು ಸಿಗುವುದು ಕಷ್ಟ. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ಆರ್. ಎಚ್. ಸ್ಯಾಂಕಿ ಇಡೀ ಸಂಸ್ಥಾನವನ್ನು ನೋಡಿ 1866ರಲ್ಲಿ ಬರೆದದ್ದು, ಹೊಸ ಕೆರೆಗೆ ತಕ್ಕ ಜಾಗವನ್ನು ಇಲ್ಲಿ ಹುಡುಕಬೇಕಾದರೆ ಜಾಣತನವೇ ಬೇಕು ಎಂಬರ್ಥದ ಮಾತು. ಜಾಗಗಳೆಲ್ಲ ಆಗಲೇ ಕೆರೆಗಳಾಗಿದ್ದವು.

ಎಷ್ಟು ಹಿಂದೆ ಆಗಿದ್ದವು ಎಂಬುದಕ್ಕೆ ಸಾಕ್ಷಿ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿದೆ. ಅಲ್ಲಿನ ಪ್ರಣವೇಶ್ವರ ದೇವಾಲಯದ ಮುಂದಿನ ಕಲ್ಲುಕಂಬದ ಶಾಸನವನ್ನು ಚರಿತ್ರೆಯ ಪುಸ್ತಕಗಳು ನೆನೆಯುವುದು ಕದಂಬ ವಂಶದ ಕಥೆಗಾಗಿ. ಮಯೂರಶರ್ಮ ಓದಲು ಕಂಚಿಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾದದ್ದು, ಬಳಿಕ ಅವನು ಕತ್ತಿ ಹಿಡಿದು ರಾಜ್ಯ ಕಟ್ಟಿದ್ದು ಎಲ್ಲ ಅದರಲ್ಲಿದೆ. ಆದರೆ ಕವಿ ಕುಬ್ಜ ಆ ಸಂಸ್ಕೃತ ಪದ್ಯಗಳನ್ನು ಬರೆದದ್ದಕ್ಕೆ ನೆಪ ಒಂದು ಕೆರೆ. ಕಾಕುಸ್ಥವರ್ಮ ಈ ದೇವಾಲಯದ ಬಳಿ ಕಟ್ಟಿಸಿದ ದೊಡ್ಡ ಕೆರೆಯ ನೆನಪಿಗಾಗಿ, ಅವನ ಮಗ ಶಾಂತಿವರ್ಮನ ಕಾಲದಲ್ಲಿ, ಐದನೆಯ ಶತಮಾನದಲ್ಲಿ ಈ ಕಂಬ ನಿಂತಿತು. ಕರ್ನಾಟಕದ ಮೊದಲ ರಾಜವಂಶಗಳಲ್ಲಿ ಒಂದರ ಚರಿತ್ರೆ ಇಂದಿಗೆ ಉಳಿದಿರುವುದು ಕೆರೆ ಕಟ್ಟಿದ ಲೆಕ್ಕದ ಬೆನ್ನ ಮೇಲೆ ಕುಳಿತು.

ಕೆರೆಯ ಅಂಗಗಳಿಗೆ ಊರಿನ ಮಾತಿನಲ್ಲಿ ಒಂದೊಂದಕ್ಕೂ ಹೆಸರಿದೆ. ನೀರನ್ನು ತಡೆಯುವುದು ಏರಿ. ನೀರು ನಿಲ್ಲುವ ಜಾಗ ಅಂಗಳ. ಗದ್ದೆಗೆ ನೀರು ಬಿಡುವ ಕಿಂಡಿ ತೂಬು. ಹೆಚ್ಚಾದ ನೀರು ಏರಿಯನ್ನು ಒಡೆಯದಂತೆ ಹೊರಹೋಗುವ ದಾರಿ ಕೋಡಿ. ತೂಬಿನ ಕೆಳಗೆ ನೀರುಣ್ಣುವ ಭೂಮಿ ಅಚ್ಚುಕಟ್ಟು. ತೂಬು ತೆಗೆದು ಮುಚ್ಚುವ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ನೋಡಿಕೊಳ್ಳುವ ಆಳು ನೀರುಗಂಟಿ. ಒಂದು ಕೆರೆಯ ಕೋಡಿಯಿಂದ ಹೊರಟ ಹಳ್ಳ ಕೆಳಗಿನ ಕೆರೆಯ ಅಂಗಳಕ್ಕೆ ಬೀಳುತ್ತದೆ. ಅದರ ಕೋಡಿ ಇನ್ನೂ ಕೆಳಗಿನದಕ್ಕೆ. ಹೀಗೆ ಒಂದೇ ತಗ್ಗಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೆರೆಗಳ ಸರಣಿ ಇಳಿಯುತ್ತದೆ. ಬೀವರ್ ಕುಟುಂಬಗಳೂ ಒಂದೇ ತೊರೆಯ ಮೇಲೆ ಹೀಗೆಯೇ ಒಂದರ ಕೆಳಗೊಂದು ಒಡ್ಡು ಹಾಕುತ್ತವೆ. ಪ್ರತಿ ಮೆಟ್ಟಿಲಿನಲ್ಲೂ ನೀರು ತಂಗುವುದರಿಂದ ಮಳೆಗಾಲದ ನೆರೆ ತಗ್ಗುತ್ತದೆ, ಬೇಸಿಗೆಯ ಹರಿವು ಉಳಿಯುತ್ತದೆ.

ಈ ತಂಗುವಿಕೆಯ ಮೊದಲ ಫಲ ಕಾಣುವುದು ಕೆರೆಯ ಹೊರಗೆ. ಮಣ್ಣಿನ ಏರಿ ಪೂರ್ತಿ ನೀರು ಹಿಡಿಯುವುದಿಲ್ಲ. ಅಡಿಯಿಂದ ಸ್ವಲ್ಪ ಸ್ವಲ್ಪ ಒಸರುತ್ತಲೇ ಇರುತ್ತದೆ. ಹಾಗಾಗಿ ಅಡಿಕೆ ತೋಟ ಏರಿಯ ಬುಡದಲ್ಲಿರುತ್ತದೆ, ಬಾವಿಯನ್ನು ಕೆರೆಯ ಕೆಳಗೆ ತೋಡುತ್ತಾರೆ. ಎರಡನೆಯ ಫಲ ಮಣ್ಣು. ದಿಬ್ಬಗಳಿಂದ ತೊಳೆದು ಬಂದ ನುಣುಪು ಮಣ್ಣು, ಕೊಳೆತ ಎಲೆ, ಸಗಣಿ ಎಲ್ಲವೂ ಅಂಗಳದಲ್ಲಿ ಕೂರುತ್ತವೆ. ಬೇಸಿಗೆಯಲ್ಲಿ ನೀರು ಇಂಗಿದಾಗ ಆ ಗೋಡನ್ನು ಗಾಡಿಯಲ್ಲಿ ತುಂಬಿ ಗದ್ದೆಗೆ ಹೊಡೆಯುವುದು ಹಳೆಯ ಪದ್ಧತಿ. ಗದ್ದೆಗೆ ಗೊಬ್ಬರ ಸಿಗುತ್ತಿತ್ತು, ಕೆರೆಗೆ ಆಳ ಸಿಗುತ್ತಿತ್ತು. ಗುಡ್ಡದಿಂದ ಇಳಿದ ಮಣ್ಣು ಹೊಳೆಯ ಪಾಲಾಗದೆ ಊರಿನಲ್ಲೇ ಸುತ್ತುತ್ತಿತ್ತು.

ಕೆರೆಯ ಮೇಲ್ಭಾಗದ ಕಾಡು ಈ ಲೆಕ್ಕದ ಇನ್ನೊಂದು ತುದಿ. ಸೊರಬ ಸೀಮೆಯ ಕಾನುಗಳು ಹೆಸರಾದವು. ಸುತ್ತ ಎಲೆಯುದುರುವ ಕಾಡಿದ್ದರೂ ನಡುವೆ ಅಲ್ಲಲ್ಲಿ ದಟ್ಟವಾಗಿ, ವರ್ಷವಿಡೀ ಹಸಿರಾಗಿ ನಿಂತ ಕಾಡಿನ ತುಣುಕುಗಳಿಗೆ ಇಲ್ಲಿನವರು ಕಾನು ಎನ್ನುತ್ತಾರೆ. ಅಲ್ಲಿ ದೇವರಿರುತ್ತದೆ, ಕಾಳುಮೆಣಸಿನ ಬಳ್ಳಿ ಇರುತ್ತದೆ, ಬಗನಿ ಮರ ಇರುತ್ತದೆ. ಕೊಡಲಿ ಹಾಕಲು ಜನ ಹಿಂಜರಿಯುತ್ತಿದ್ದರು. ಭಾರತದ ಅರಣ್ಯ ಇಲಾಖೆಯ ಮೊದಲ ಇನ್ಸ್‌ಪೆಕ್ಟರ್ ಜನರಲ್ ಡೀಟ್ರಿಕ್ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿ 1868ರಲ್ಲಿ ಸೊರಬದ ಕಾನುಗಳ ಮೇಲೆ ಜಂಟಿ ವರದಿ ಬರೆದರು. ಅವರ ಲೆಕ್ಕದಲ್ಲಿ ಆ ಒಂದು ತಾಲ್ಲೂಕಿನಲ್ಲೇ 171 ಕಾನುಗಳು, ಸುಮಾರು 13 ಸಾವಿರ ಹೆಕ್ಟೇರ್ ನೆಲ. ಕಾನು ಮಳೆನೀರನ್ನು ಹೀರಿಕೊಂಡು ತಡವಾಗಿ ಬಿಡುತ್ತದೆ. ಆ ನೀರು ಕೆಳಗಿನ ಕೆರೆಗೆ ಬರುತ್ತದೆ. ಕಾನು ಬೋಳಾದರೆ ಕೆರೆಗೆ ನೀರಿಗಿಂತ ಮೊದಲು ಹೂಳು ಬರುತ್ತದೆ.

ಕೆರೆಯ ಅಂಗಳದಲ್ಲಿ ಏನೇನು ಬದುಕುತ್ತದೆ ಎಂಬುದನ್ನು ಹತ್ತಿರದಿಂದ ನೋಡಲು ಸೊರಬ ತಾಲ್ಲೂಕಿನ ಗುಡವಿ ತಕ್ಕ ಜಾಗ. ಬನವಾಸಿಗೆ ಹೋಗುವ ದಾರಿಯ ಕಡೆ, ಕಾಡಿನ ಮಡಿಲಲ್ಲಿರುವ ಈ ಕೆರೆಯನ್ನು 1989ರಲ್ಲಿ ಪಕ್ಷಿಧಾಮವೆಂದು ಘೋಷಿಸಲಾಯಿತು. ವಿಸ್ತೀರ್ಣ ಮುಕ್ಕಾಲು ಚದರ ಕಿಲೋಮೀಟರಿನಷ್ಟು. ಅಷ್ಟರಲ್ಲೇ 48 ಕುಟುಂಬಗಳ 217 ಪ್ರಭೇದಗಳ ಹಕ್ಕಿಗಳನ್ನು ಗುರುತಿಸಲಾಗಿದೆ. ಅವುಗಳಲ್ಲಿ ನೀರನ್ನೇ ನಂಬಿದವು 63. ಉಳಿದವು ಕಾಡಿನ, ಗದ್ದೆಯ, ದಡದ ಹಕ್ಕಿಗಳು. ನೀರು, ಕಾಡು, ಗದ್ದೆ ಮೂರೂ ಒಂದೇ ಕಡೆ ಕೂಡುವುದರಿಂದಲೇ ಈ ಸಂಖ್ಯೆ.

ಮಳೆ ಹಿಡಿದು ಕೆರೆ ತುಂಬಿದಾಗ ಅಂಗಳದ ಮರಗಳು ನೀರಿನ ನಡುವೆ ನಿಲ್ಲುತ್ತವೆ. ಬುಡ ನೆನೆದರೂ ಕೊಳೆಯದ ಹೊಳೆಲಕ್ಕಿಯಂಥ ಮರಗಳ ತಲೆಯ ಮೇಲೆ ಬಿಳಿ ಕೆಂಬರಲು, ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿಗಳು ಗೂಡು ಹಾಕುತ್ತವೆ. ಸುತ್ತ ನೀರಿರುವುದರಿಂದ ಕಾಡುಬೆಕ್ಕು, ನಾಯಿ, ಮನುಷ್ಯ ಯಾರೂ ಸುಲಭವಾಗಿ ಮರದ ಬುಡ ತಲುಪಲಾರರು. ಬೀವರ್ ತನ್ನ ಗೂಡಿನ ಸುತ್ತ ನೀರು ನಿಲ್ಲಿಸಿಕೊಳ್ಳುವುದೂ ಇದೇ ರಕ್ಷಣೆಗೆ; ಇಲ್ಲಿ ಏರಿ ಕಟ್ಟಿದವರು ಮನುಷ್ಯರು, ರಕ್ಷಣೆ ಸಿಕ್ಕಿದ್ದು ಕೆಂಬರಲಿಗೆ. ಬಿಳಿ ಮೈ, ಕರಿ ತಲೆ, ಕುಡುಗೋಲಿನಂತೆ ಬಾಗಿದ ಕೊಕ್ಕಿನ ಈ ಹಕ್ಕಿ ಕೆಸರಿಗೆ ಕೊಕ್ಕು ಚುಚ್ಚಿ ಹುಳ, ಏಡಿ, ಕಪ್ಪೆ ಹುಡುಕುತ್ತದೆ. ಆಳವಾದ ನೀರಿನಲ್ಲಿ ಅದಕ್ಕೆ ಕೆಲಸವಿಲ್ಲ; ಅದರ ಅಡುಗೆಮನೆ ಕಣಕಾಲುದ್ದದ ನೀರು ಮತ್ತು ನಾಟಿಯಾದ ಗದ್ದೆ. ಹಾವಕ್ಕಿಯ ರೀತಿ ಬೇರೆ. ಅದು ಮುಳುಗಿ ಮೀನನ್ನು ಕೊಕ್ಕಿನಿಂದ ತಿವಿಯುತ್ತದೆ. ಅದರ ಗರಿಗಳು ನೀರು ಹೀರುತ್ತವೆ, ಮೈ ಭಾರವಾಗಿ ಮುಳುಗಲು ಅನುಕೂಲ. ಬೇಟೆ ಮುಗಿದ ಮೇಲೆ ಕೊರಡಿನ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳದೆ ಅದಕ್ಕೆ ಗತಿಯಿಲ್ಲ. ಕೆರೆಯಲ್ಲಿ ಅಂಥ ಒಂದು ಒಣಕೊರಡು ಬೇಕು. ತಾವರೆ, ನೈದಿಲೆ ಎಲೆಗಳ ಮೇಲೆ ಉದ್ದ ಬೆರಳೂರಿ ನಡೆಯುವ ದೇವನಕ್ಕಿಗೆ ಬೇಕಾದದ್ದು ಎಲೆಗಳ ಹಾಸು. ಈ ಹಕ್ಕಿಗಳಲ್ಲಿ ಹೆಣ್ಣು ಮೊಟ್ಟೆಯಿಟ್ಟು ಹೋಗುತ್ತದೆ, ಕಾವು ಕೂತು ಮರಿ ಮಾಡುವುದು ಗಂಡು. ಜಂಬುಕೋಳಿಗೆ ದಡದ ಜೊಂಡು ಬೇಕು. ಒಂದೇ ಕೆರೆಯಲ್ಲಿ ಆಳ, ತೆಳು, ಕೆಸರು, ಜೊಂಡು, ಕೊರಡು, ಮರ ಎಲ್ಲ ಇದ್ದಾಗ ಇವೆಲ್ಲಕ್ಕೂ ಎಡೆ ಸಿಗುತ್ತದೆ.

ಗೂಡುಗಳ ಕೆಳಗೆ ನೀರಿಗೆ ಬೀಳುವ ಹಿಕ್ಕೆಯೂ ವ್ಯರ್ಥವಲ್ಲ. ಹಕ್ಕಿಗಳು ಮೈಲಿಗಟ್ಟಲೆ ದೂರದ ಗದ್ದೆ, ಹೊಳೆಗಳಲ್ಲಿ ತಿಂದು ಬಂದು ಸಾರಜನಕ, ರಂಜಕಗಳನ್ನು ಕೆರೆಗೆ ಸುರಿಯುತ್ತವೆ. ಅದರಿಂದ ಪಾಚಿ, ಪಾಚಿಯಿಂದ ಹುಳ, ಹುಳದಿಂದ ಮೀನು ಬೆಳೆಯುತ್ತದೆ. ಉಳಿದದ್ದು ತೂಬಿನಿಂದ ಗದ್ದೆಗೆ ಹರಿಯುತ್ತದೆ.

ಮೀನಿನ ಬದುಕು ಕೆರೆಯ ಒಳಗಷ್ಟೇ ಮುಗಿಯುವುದಿಲ್ಲ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹಳ್ಳದಲ್ಲಿ ಕೆಂಪು ನೀರು ಬಂದಾಗ ಮೀನುಗಳು ಹರಿವಿಗೆ ಎದುರಾಗಿ ಹತ್ತತೊಡಗುತ್ತವೆ. ಮಲೆನಾಡಿನಲ್ಲಿ ಇದಕ್ಕೆ ‘ಹತ್ತುಮೀನು’ ಎನ್ನುತ್ತಾರೆ. ಅವು ಕೋಡಿ ಹಳ್ಳಗಳ ಮೂಲಕ ತೆಳುನೀರಿನ ಗದ್ದೆಗಳಿಗೆ ನುಗ್ಗಿ ಮೊಟ್ಟೆಯಿಡುತ್ತವೆ. ಮರಿಗಳು ನೀರಿನ ಜೊತೆ ಕೆರೆಗಳಿಗೆ ಇಳಿಯುತ್ತವೆ. ಇಂದು ಗುತ್ತಿಗೆ ಹಿಡಿದವರು ಬಿಡುವ ಕಾಟ್ಲಾ, ರೋಹುಗಳು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ, ವರ್ಷವರ್ಷವೂ ಮರಿ ತಂದು ಬಿಡಬೇಕು. ಹಳ್ಳದ ದಾರಿ ತೆರೆದಿರುವವರೆಗೆ ಊರಿನ ಮೀನುಗಳು ತಾವಾಗಿ ಬರುತ್ತವೆ. ಕುಚ್ಚು, ಮುರುಗೋಡಿನಂಥವು ನೇರವಾಗಿ ಗಾಳಿಯನ್ನು ಉಸಿರಾಡಬಲ್ಲವು. ಕೆರೆ ಬತ್ತಿದರೂ ಹಸಿ ಕೆಸರಿನೊಳಗೆ ಹುದುಗಿ ಮಳೆಯವರೆಗೆ ಕಾಯುತ್ತವೆ.

ಆ ಕಾಯುವಿಕೆ ಮುಗಿಯುವ ಮುನ್ನ ಬರುವುದು ಕೆರೆಬೇಟೆ. ಬೇಸಿಗೆಯ ಕೊನೆಗೆ ನೀರು ಮೊಣಕಾಲು, ಸೊಂಟದ ಮಟ್ಟಕ್ಕೆ ಇಳಿದಾಗ ಊರಿನವರು ದಿನ ಗೊತ್ತು ಮಾಡುತ್ತಾರೆ. ಸುತ್ತಲಿನ ಹಳ್ಳಿಗಳ ಜನ ಕೂಣಿ ಹೊತ್ತು ಬರುತ್ತಾರೆ. ಕೂಣಿ ಎಂದರೆ ಬಿದಿರಿನ, ಮೇಲೂ ಕೆಳಗೂ ತೆರೆದ ಬುಟ್ಟಿ. ಕೆಳಬಾಯಿ ಅಗಲ, ಮೇಲಿನದು ಕೈ ಹೋಗುವಷ್ಟು. ಸೂಚನೆ ಸಿಕ್ಕ ಕೂಡಲೇ ಏರಿಯ ಮೇಲೆ ಸಾಲಾಗಿ ನಿಂತವರೆಲ್ಲ ಒಮ್ಮೆಗೇ ನೀರಿಗೆ ಧುಮುಕುತ್ತಾರೆ. ಕೂಣಿಯನ್ನು ಕೆಸರಿಗೆ ಒತ್ತುವುದು, ಒಳಗೆ ಏನಾದರೂ ಬಡಿದರೆ ಮೇಲಿನ ಬಾಯಿಯಿಂದ ಕೈ ಹಾಕಿ ಹಿಡಿಯುವುದು, ಇಲ್ಲದಿದ್ದರೆ ಒಂದು ಹೆಜ್ಜೆ ಮುಂದೆ ಒತ್ತುವುದು. ನೂರಾರು ಕಾಲುಗಳು ಕೆಸರನ್ನು ತುಳಿದು ಕದಡುತ್ತವೆ. ಊರಿಗೆ ಅದು ಹಬ್ಬ, ಕೆರೆಗೆ ಅದು ವರ್ಷಕ್ಕೊಮ್ಮೆ ತಳ ಮಗುಚಿದಂತೆ.

ಬೀವರ್‌ನ ಮಡುವಿಗೂ ಕೆರೆಗೂ ಹೋಲಿಕೆ ಇಷ್ಟಿದ್ದರೂ ಒಂದು ವ್ಯತ್ಯಾಸವಿದೆ. ಬೀವರ್ ಒಡ್ಡಿಗೆ ತೂಬಿಲ್ಲ. ನೀರು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಕೆರೆ ಮಳೆಗಾಲದಲ್ಲಿ ತುಂಬಿ, ಬೆಳೆಗೆ ನೀರು ಬಿಡುತ್ತ ಇಳಿದು, ಏಪ್ರಿಲ್, ಮೇ ಹೊತ್ತಿಗೆ ಅಂಗಳ ಬಿಡುತ್ತದೆ. ಬಿಟ್ಟ ಅಂಗಳದಲ್ಲಿ ಹುಲ್ಲು ಚಿಗುರಿ ದನ ಮೇಯುತ್ತವೆ. ಬೀವರ್‌ನ ಮಡು ಹಲವು ವರ್ಷಗಳಲ್ಲಿ ಒಮ್ಮೆ ಹುಲ್ಲುಗಾವಲಾದರೆ, ಕೆರೆ ಪ್ರತಿ ಬೇಸಿಗೆಯಲ್ಲೂ ಆಗುತ್ತದೆ. ಈ ಏರಿಳಿತಕ್ಕೆ ಒಗ್ಗಿದ ಗಿಡ, ಮೀನು, ಹಕ್ಕಿಗಳೇ ಇಲ್ಲಿ ಉಳಿದಿರುವುದು. ಬೀವರ್‌ನದಕ್ಕೆ ಇನ್ನೂ ಹತ್ತಿರದ ಕಟ್ಟಡ ಬೇಕೆಂದರೆ ಕಾಸರಗೋಡಿನ ಅಡಿಕೆ ತೋಟಗಳ ಪಕ್ಕದ ತೋಡುಗಳಲ್ಲಿ ಸಿಗುತ್ತದೆ. ಮಳೆ ನಿಂತ ಮೇಲೆ ಕಲ್ಲು, ಮಣ್ಣು, ಸೊಪ್ಪು ಸೇರಿಸಿ ತೋಡಿಗೆ ಅಡ್ಡ ಹಾಕುವ, ಮುಂದಿನ ಮಳೆಗೆ ತಾನಾಗಿ ಕೊಚ್ಚಿಹೋಗುವ ಆ ಒಡ್ಡಿಗೆ ಅಲ್ಲಿನವರು ‘ಕಟ್ಟ’ ಎನ್ನುತ್ತಾರೆ.

ಒಡ್ಡು ಯಾವುದೇ ಇರಲಿ, ಅದು ಉಳಿಯುವುದು ರಿಪೇರಿಯಿಂದ. ಬೀವರ್ ರಾತ್ರಿಯ ಹೊತ್ತು ಒಡ್ಡಿನ ಸೋರಿಕೆಗಳನ್ನು ಹುಡುಕಿ ಮುಚ್ಚುತ್ತದೆ. ಕೆರೆಯ ಏರಿಗೂ ಶತ್ರುಗಳು ಸಣ್ಣವೇ: ಏಡಿಯ ಬಿಲ, ಹೆಗ್ಗಣದ ಬಿಲ, ಏರಿಯ ಮೇಲೆ ಬೆಳೆದ ಮರದ ಸತ್ತ ಬೇರು. ಬೆರಳು ಹೋಗುವಷ್ಟು ತೂತಿನಲ್ಲಿ ಹೊರಟ ನೀರು ಮಣ್ಣು ಕೊರೆಯುತ್ತ ಬೆಳಗಾಗುವುದರೊಳಗೆ ಏರಿಯನ್ನೇ ಒಯ್ಯಬಲ್ಲದು, ಆಮೇಲೆ ಕೆಳಗಿನ ಸರಣಿಯನ್ನೂ. ನೀರುಗಂಟಿ ಜಡಿಮಳೆಯ ರಾತ್ರಿ ಏರಿಯ ಮೇಲೆ ನಡೆಯುತ್ತಿದ್ದದ್ದು ಇದಕ್ಕೇ. ಹೂಳೆತ್ತುವುದು, ಕಾಲುವೆ ಕೆರೆಯುವುದು, ಕೋಡಿಗೆ ಕಲ್ಲು ಕೂರಿಸುವುದು ಅಚ್ಚುಕಟ್ಟಿನ ಮನೆಗಳ ಹೊಣೆಯಾಗಿತ್ತು. ಕೊಳವೆಬಾವಿ ಬಂದ ಮೇಲೆ ಪ್ರತಿ ಹೊಲಕ್ಕೂ ತನ್ನದೇ ನೀರು ಸಿಕ್ಕಿತು. ಭತ್ತದ ಗದ್ದೆಗಳಲ್ಲಿ ಹಲವು ಮೆಕ್ಕೆಜೋಳಕ್ಕೆ, ಶುಂಠಿಗೆ, ಅಡಿಕೆಗೆ ತಿರುಗಿದವು. ತೂಬಿನ ನೀರಿಗೆ ಕಾಯುವವರು ಕಡಿಮೆಯಾದಂತೆ ಕೆರೆ ಕಾಯುವವರೂ ಕಡಿಮೆಯಾದರು. ಬೀವರ್ ಬಿಟ್ಟುಹೋದ ಮಡು ಹುಲ್ಲುಗಾವಲಾದರೆ, ಊರು ಕೈಬಿಟ್ಟ ಕೆರೆ ಒತ್ತುವರಿಯಾಗುತ್ತದೆ.

ಈಗ ಸರ್ಕಾರ ಕೆರೆಗಳತ್ತ ಮತ್ತೆ ತಿರುಗಿದೆ. ಉಡುಗಣಿ–ತಾಳಗುಂದ–ಹೊಸೂರು ಏತ ನೀರಾವರಿ ಯೋಜನೆ ಶಿಕಾರಿಪುರದ ಕಡೆಯ ಕೆರೆಗಳಿಗೆ, ಮೂಡಿ ಏತ ನೀರಾವರಿ ಸೊರಬದ ಕಡೆಯ ಕೆರೆಗಳಿಗೆ ಪಂಪಿನಿಂದ ನೀರೆತ್ತಿ ತುಂಬಿಸುವ ಯೋಜನೆಗಳು. ನೀರು ಬಂದರೆ ಕೊಳವೆಬಾವಿಗಳಿಗೆ ಜೀವ ಬರುತ್ತದೆ, ನಿಜ. ಆದರೆ ಕೆರೆಯನ್ನು ಬರಿಯ ತೊಟ್ಟಿಯೆಂದು ತಿಳಿದಾಗ ಕೆಲಸವೂ ತೊಟ್ಟಿಯ ಲೆಕ್ಕದಲ್ಲೇ ನಡೆಯುತ್ತದೆ. ಯಂತ್ರ ಇಳಿಸಿ ಅಂಗಳವನ್ನೆಲ್ಲ ಒಂದೇ ಆಳಕ್ಕೆ ಬಗೆದು, ದಡವನ್ನು ಗೋಡೆಯಂತೆ ಕಡಿದಾಗಿಸಿ, ಒಳಗಿನ ಮರಗಳನ್ನು ಕಿತ್ತು, ಸುತ್ತ ಕಲ್ಲು ಕಟ್ಟಿದರೆ ಹೆಚ್ಚು ನೀರು ಹಿಡಿಯುತ್ತದೆ. ಕೆಂಬರಲಿಗೆ ಬೇಕಾದ ಕಣಕಾಲುದ್ದದ ನೀರು, ಜಂಬುಕೋಳಿಯ ಜೊಂಡು, ಹಾವಕ್ಕಿಯ ಕೊರಡು, ಮೀನು ಹತ್ತುವ ಹಳ್ಳ ಯಾವುದೂ ಉಳಿಯುವುದಿಲ್ಲ.

ಜಾಗ ನೋಡದೆ ಮಾಡಿದ ಎಂಜಿನಿಯರಿಂಗ್ ಏನು ಮಾಡಬಲ್ಲದು ಎಂಬುದಕ್ಕೆ ಬೀವರ್ ಕಥೆಯಲ್ಲೇ ಪಾಠವಿದೆ. ತುಪ್ಪಳದ ವ್ಯಾಪಾರದಿಂದ ಯುರೋಪಿನಲ್ಲಿ 20ನೆಯ ಶತಮಾನದ ಆರಂಭಕ್ಕೆ ಸಾವಿರದ ಚಿಲ್ಲರೆ ಬೀವರ್‌ಗಳಷ್ಟೇ ಉಳಿದಿದ್ದವು. ಕಾಪಾಡಿ, ಹಳೆಯ ಹೊಳೆಗಳಿಗೆ ಮರಳಿ ಬಿಟ್ಟ ಮೇಲೆ ಈಗ ಹತ್ತು ಲಕ್ಷ ದಾಟಿವೆ. ಅವು ಹೋದಲ್ಲೆಲ್ಲ ಜೌಗು ನೆಲ ಮರಳಿತು. ಆದರೆ ಉತ್ತರ ಅಮೆರಿಕದ ಪ್ರಭೇದದ ಬೀವರ್‌ಗಳನ್ನು ಅರ್ಜೆಂಟೀನಾ 1946ರಲ್ಲಿ, ತುಪ್ಪಳದ ಆಸೆಗೆ, ಕೆನಡಾದಿಂದ ತಂದು ದಕ್ಷಿಣದ ತುದಿಯ ಟಿಯೆರಾ ಡೆಲ್ ಫ್ಯೂಗೊ ದ್ವೀಪದಲ್ಲಿ ಬಿಟ್ಟಿತು. ತಂದದ್ದು ಹತ್ತು ಜೋಡಿ. ಅಲ್ಲಿನ ಲೆಂಗಾ ಮರಗಳಿಗೆ ಕಡಿದ ಬುಡದಿಂದ ಚಿಗುರುವ ಅಭ್ಯಾಸವಿಲ್ಲ, ಬೇರು ನೀರಿನಲ್ಲಿ ನಿಂತರೆ ಸಾಯುತ್ತವೆ. ಹತ್ತು ಜೋಡಿಯ ಸಂತತಿ ಸಾವಿರಾರು ಹೆಕ್ಟೇರ್ ಕಾಡನ್ನು ಒಣಕೊರಡುಗಳ ಬಯಲಾಗಿಸಿತು. ಪ್ರಾಣಿ ಅದೇ, ಒಡ್ಡು ಅದೇ, ನೆಲ ಬೇರೆ.

ಶಿಕಾರಿಪುರ, ಸೊರಬದ ಕೆರೆಗಳಿಗೂ ಅವುಗಳ ನೆಲಕ್ಕೂ ಹತ್ತಾರು ತಲೆಮಾರುಗಳ ಒಡನಾಟವಿದೆ. ಹೂಳೆತ್ತುವವರು ನಡುವೆ ಆಳ ಮಾಡಿ ಅಂಚನ್ನು ತೆಳುವಾಗಿ ಬಿಡಲಿ, ನೀರಿನಲ್ಲಿ ನಿಂತ ಮರಗಳನ್ನು ಮುಟ್ಟದಿರಲಿ, ಕೋಡಿ ಹಳ್ಳಗಳನ್ನು ಮೀನು ಹತ್ತುವಂತೆ ಇಡಲಿ, ಮೇಲಿನ ಕಾನನ್ನು ಕೆರೆಯ ಭಾಗವೆಂದೇ ಎಣಿಸಲಿ. ಇಷ್ಟಕ್ಕೆ ಹೆಚ್ಚು ಹಣ ಬೇಕಿಲ್ಲ; ಮಳೆಯ ರಾತ್ರಿ ಏರಿಯ ಮೇಲೆ ನಡೆಯುವ ಒಬ್ಬ ನೀರುಗಂಟಿ ಬೇಕು, ಅವನಿಗೆ ಸಂಬಳ ಕೊಡುವ ಊರು ಬೇಕು.